ಕುಮಾರಿ ಚಿತ್ತಶ್ರೀ

ರಜೆ ಚೀಟಿಗೆ ಸಹಿ ಹಾಕುತ್ತ ಸೂಪರಿಂಟೆಂಡೆಂಟ್ ಪಂಚಾಕ್ಷರಪ್ಪನವರು ಮೂಗಿನಲ್ಲೇ ಏನನ್ನೋ ಗುನುಗುತ್ತಿದ್ದರು. ಅದು ಕ್ಯಾಸೆಟ್ಟಿನಲ್ಲಿ ತಾನು ಹಾಡಿದ ಹಾಡೇ ಎಂದು ಗೊತ್ತಾದ ಕೂಡಲೇ ಚಿತ್ತಪ್ಪನಿಗೆ ಆದದ್ದು ಸಂತೋಷವಲ್ಲ. ಕದ್ದ ಕುರಿ ಹೆಗಲ ಮೇಲಿರುವಾಗಲೇ ಅದರ ಒಡೆಯ ಎದುರಿಗೆ ಬಂದು ನಿಂತಂತಾಯಿತು. ಮರುಕ್ಷಣವೇ ಇನ್ನೊಂದು ಆಸೆಯೂ ಎದ್ದಿತು: ಸಾಹೇಬರು ತಲೆಯೆತ್ತಿ ತನ್ನನ್ನು ದಿಟ್ಟಿಸಿ, 'ಲೇ, ಇದು ನಿನ್ನ ದನಿಯಲ್ಲವೇನೋ' ಎಂದುಬಿಡಲಿ. ಬಬ್ಬೂರು ಫಾರಂನಲ್ಲಿ ಹನ್ನೊಂದು ವರ್ಷದಿಂದ ಅವನ ದನಿಯೇ ಅವನ ಕೆಲಸ. ಸೂರ್ಯಕಾಂತಿ ಕಾಳು ಕಟ್ಟುವ ಹೊತ್ತಿಗೆ ಗಿಳಿಗಳ ಹಿಂಡು ಇಳಿಯುತ್ತದೆ. ಅಟ್ಟಣೆಯ ಮೇಲೆ ನಿಂತು ಅವನು ಒಮ್ಮೆ ಕೂಗಿದರೆ ಮೂರು ಪ್ಲಾಟುಗಳಾಚೆಯ ಗಿಳಿಯೂ ಎದ್ದು ಹೋಗುತ್ತಿತ್ತು. ಆ ಕೂಗನ್ನು ಪಂಚಾಕ್ಷರಪ್ಪನವರು ಆಫೀಸಿನ ಕಿಟಕಿಯಿಂದ ದಿನವೂ ಕೇಳಿದವರು. ಗಿಳಿಗೆ ಗೊತ್ತಾಗುವ ದನಿ ಅವರಿಗೆ ಗೊತ್ತಾಗಲಿಲ್ಲ. "ಏನಪ್ಪ, ಬಾಗೂರಿಗೆ ಯಾಕೆ?" ಎಂದರು. "ಮಾವ ಬರಾಕ್ ಹೇಳಿ ಕಳ್ಸವ್ರೆ ಸಾರ್." "ಹೋಗ್ಬಾ," ಎಂದು ಚೀಟಿ ಚಾಚಿ ಮತ್ತೆ ಗುನುಗತೊಡಗಿದರು. ಚಿತ್ತಪ್ಪ ಬಾಗಿಲಲ್ಲಿ ಅರೆಗಳಿಗೆ ನಿಂತ. ಸಾಹೇಬರು ಎರಡನೇ ಸಾಲಿನಲ್ಲಿ ಎಳೆಯಬೇಕಾದಲ್ಲಿ ಎಳೆಯಲಿಲ್ಲ. ಅದನ್ನು ಮನಸ್ಸಿನಲ್ಲೇ ತಿದ್ದಿ, ತಿದ್ದಿದ್ದಕ್ಕೆ ತನ್ನ ಮೇಲೇ ಸಿಟ್ಟಾಗಿ, ಹಿರಿಯೂರಿನ ಕಡೆ ನಡೆದ.

ಬುಲಾವ್ ತಂದವನು ಕುರಿ ವ್ಯಾಪಾರದ ಗೊಲ್ಲಪ್ಪ. 'ಆ ಪದದ ವಿಷ್ಯ ಮಾತಾಡೋದೈತಂತೆ, ಜಲ್ದಿ ಬರಬೇಕಂತೆ' ಎಂದಷ್ಟೇ ಹೇಳಿ, ಬೀಡಿ ಹಚ್ಚಿಕೊಂಡು ಹೋಗಿದ್ದ. ಮಾವ ರಂಗಪ್ಪ ಒಂದು ಕಡೆಯಿಂದ ಮಾತ್ರ ಮಾವನಾಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಅವನು ತಾಯಿಯ ತಮ್ಮ, ಮಗಳನ್ನು ಕೊಟ್ಟವನು, ಸಾಲದ್ದಕ್ಕೆ ಪದ ಕಲಿಸಿದ ಗುರು. ಮೂರು ಕಡೆಯಿಂದಲೂ ಬೈಯುವ ಹಕ್ಕಿದ್ದ ಮನುಷ್ಯ ಈವರೆಗೆ ಒಂದು ಸಲವೂ ಬೈದಿರಲಿಲ್ಲ. ಹಾಡು ಮುಗಿದ ಮೇಲೆ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು, 'ಹಾಡ್ತಾ ಓಡ್ತೀಯ ಕಣೋ' ಎಂದು ಎದ್ದುಹೋಗುತ್ತಿದ್ದ, ಅಷ್ಟೆ. ಆ ಪದ ಹಟ್ಟಿಯ ದೇವರ ಮುಂದೆ ಹಾಡುವಂಥದು. ಮಂಜಿನಲ್ಲಿ ಹಿಂಡು ಕಳೆದುಕೊಂಡ ಕುರುಬನ ಕಥೆ. ಮೂರಡಿ ಉದ್ದದ ಬಿದಿರಿನ ಗಣೆ ಊದಿ, ತಲೆಗೆ ನೀರು ಹಾಕಿಕೊಂಡು ಬಂದು ಹಾಡಬೇಕು. ಅದೇ ಧಾಟಿಯ ಮೇಲೆ ಚಿತ್ತಪ್ಪ ಈಗ 'ಕಿಟಕಿ ಪಕ್ಕ ಕುಂತೋಳೇ, ಗಾಳಿಗೆ ಸೆರಗು ಬಿಟ್ಟೋಳೇ' ಎಂದು ಹಾಡಿದ್ದ. ಚಿತ್ರದುರ್ಗದ ಸ್ಟುಡಿಯೋಗೆ ಹೊರಟ ಬೆಳಿಗ್ಗೆ ಅವನು ತಲೆಗೆ ನೀರು ಹಾಕಿಕೊಂಡೇ ಹೋಗಿದ್ದ. ಹೆಂಡತಿ ರೋಜಾ ಟವೆಲ್ ಕೊಡುತ್ತ, "ಇವತ್ತೇನು ದೇವರ ವಾರಾನಾ?" ಎಂದಳು. ತಲೆ ಒರೆಸಿಕೊಂಡು ಬಸ್ಸಿಗೆ ನಡೆದಿದ್ದ. ನೀರು ಹಾಕಿಕೊಂಡದ್ದು ದೇವರಿಗೆ ಮರ್ಯಾದೆಯೋ, ಇಲ್ಲ ಕಳ್ಳತನಕ್ಕೆ ಹೋಗುವವನು ಮುಹೂರ್ತ ಕೇಳಿದ ಹಾಗೋ?

ಹಾಡು ಒಂದೇ ದಿನಕ್ಕೆ ಕೆಟ್ಟದ್ದೂ ಅಲ್ಲ. ಹಿರಿಯೂರಿನಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಪ್ರಸನ್ನಕುಮಾರ್ ಮೊದಲು ಹೇಳಿದ್ದು, "ಪದ ಹಂಗೇ ಇರ್ಲಿ ಚಿತ್ತಪ್ಪ, ಪಕ್ಕದಾಗೆ ಒಂದು ಕೀಬೋರ್ಡ್ ಇಡಾಣ" ಎಂದು. ಕೀಬೋರ್ಡ್ ಬಂದ ಮೇಲೆ ಅದರಲ್ಲೇ ಕೊಳಲಿನ ಬಟನ್ ಇದೆಯೆಂದು ಗೊತ್ತಾಯಿತು. ಗಣೆ ಸ್ಟುಡಿಯೋದ ಮೂಲೆಯಲ್ಲಿ ಗೋಡೆಗೆ ಒರಗಿಕೊಂಡಿತು. ಆಮೇಲೆ ಯಲ್ಲದಕೆರೆಯ ಪರಮೇಶನ ಡೊಳ್ಳು. ಹದಿನೈದು ವರ್ಷ ಚಿತ್ತಪ್ಪನ ಜೊತೆ ಡೊಳ್ಳು ಬಾರಿಸಿದ್ದ ಪರಮೇಶ ರಿದಂ ಪ್ಯಾಡಿನ ಮೇಲೆ ಒಂದು ಸಲ ಕಡ್ಡಿ ಇಟ್ಟವನೇ, "ಗಾಜು ಒಡೆದಂಗೆ ಬರ್ತೈತೆ ಕಣಲೇ! ಗುಡುಗು ಬರ್ತೈತೆ!" ಎಂದು ಕಣ್ಣರಳಿಸಿದ್ದ. ಅವನನ್ನು ಮತ್ತೆ ಡೊಳ್ಳಿನ ಕಡೆ ತಿರುಗಿಸುವುದು ಆಗಲಿಲ್ಲ. ಗಣೆ ಹೋಯಿತು, ಡೊಳ್ಳು ಹೋಯಿತು, ಇನ್ನು ದೇವರ ಮಾತು ಯಾಕೆ ಎಂದು ಪ್ರಸನ್ನಕುಮಾರನೇ ಒಂದು ಸಂಜೆ ಚಹಾ ಕುಡಿಯುತ್ತ ಬಸ್ಸಿನ ಹುಡುಗಿಯ ಮಾತು ಬರೆದ. ಒಂದೊಂದನ್ನೂ ಬಿಟ್ಟುಕೊಡುವಾಗ ಚಿತ್ತಪ್ಪ, ಇದೊಂದು ತಾನೆ, ದನಿ ನಂದೇ ಇರ್ತದಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದ. ಕೊನೆಗೆ ರೆಕಾರ್ಡಿಂಗಿನವನು ಹಾಡು ಉದ್ದವಾಯಿತೆಂದು ಒಂದು ಗುಂಡಿ ತಿರುಗಿಸಿದ. ಟೇಪು ಜೋರಾಗಿ ಓಡಿತು. ಒಳಗಿಂದ ಚಿತ್ತಪ್ಪನ ದನಿ ತೆಳ್ಳಗಾಗಿ, ಕೀರಲಾಗಿ, ಹದಿನಾರು ವರ್ಷದ ಹುಡುಗಿಯ ದನಿಯಾಗಿ ಬಂತು. ಎಲ್ಲರೂ ಬಿದ್ದುಬಿದ್ದು ನಕ್ಕರು, ಚಿತ್ತಪ್ಪನೂ ನಕ್ಕ. ನಗು ಮೊದಲು ನಿಂತದ್ದು ಪ್ರಸನ್ನಕುಮಾರನದು. "ಇನ್ನೊಂದ್ಸಲ ಹಾಕು," ಎಂದ ಮೆಲ್ಲಗೆ.

ತಿಂಗಳೊಳಗೆ ಕ್ಯಾಸೆಟ್ ಹೊರಬಂತು. ಮೇಲೆ ಚೂಡಿದಾರ ತೊಟ್ಟ, ಯಾರೆಂದು ಯಾರಿಗೂ ಗೊತ್ತಿಲ್ಲದ ಹುಡುಗಿಯೊಬ್ಬಳ ಫೋಟೊ. ಕೆಳಗೆ 'ಗಾಯನ: ಕುಮಾರಿ ಚಿತ್ತಶ್ರೀ'. "ನಿನ್ನ ಹೆಸರೇ ಕಣಪ್ಪ, ಸ್ವಲ್ಪ ನಯ ಮಾಡೀನಿ," ಎಂದ ಪ್ರಸನ್ನಕುಮಾರ್. ಅದರ ಕೆಳಗಿನ ಸಾಲಿನಲ್ಲಿ 'ರಿದಂ: ಪರಮೇಶ್' ಎಂದು ಪರಮೇಶನ ಹೆಸರು ಇದ್ದಂತೆಯೇ ಇತ್ತು. ಚಿತ್ತಪ್ಪನ ನಿದ್ದೆ ಕೆಡಿಸಿದ್ದು ದೇವರ ಭಯಕ್ಕಿಂತ ಹೆಚ್ಚಾಗಿ ಈ ಸಾಲೇ ಎಂಬುದನ್ನು ಅವನು ರೋಜಾಳಿಗೂ ಹೇಳಿರಲಿಲ್ಲ. ಹಾಡು ಹೊಳಲ್ಕೆರೆಯ ಮದುವೆ ಛತ್ರಗಳಲ್ಲಿ, ಹಿರಿಯೂರಿನ ಆಟೋಗಳಲ್ಲಿ, ಫಾರಂನ ಟ್ರಾಕ್ಟರಿನಲ್ಲಿ ಮೊಳಗಿತು. ಪರಮೇಶನನ್ನು ಜನ ನಿಲ್ಲಿಸಿ, ಆ ಹುಡುಗಿ ನೋಡಾಕೆ ಹೆಂಗೈತೆ ಎಂದು ಕೇಳುತ್ತಿದ್ದರು. ಪರಮೇಶ ಸಂಕೋಚದಿಂದ ನೆಲ ನೋಡುತ್ತಿದ್ದ. ಅದಕ್ಕೆ ಜನ ಬೇರೆ ಅರ್ಥ ಹಚ್ಚಿಕೊಂಡರು.

ಹೊಸದುರ್ಗದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಖಾಲಿ ಇದ್ದರೂ ಚಿತ್ತಪ್ಪ ಅಲ್ಲಿ ಕೂರದೆ ಈಚೆಗೆ ಕುಳಿತ. ಮಾರಿಕಣಿವೆ ದಾಟುವ ಮೊದಲೇ ಡ್ರೈವರು ಟೇಪು ಹಾಕಿದ. ಮೊದಲು ಗಾಜು ಒಡೆಯಿತು, ಗುಡುಗು ಬಂತು, ಆಮೇಲೆ ಕುಮಾರಿ ಚಿತ್ತಶ್ರೀ ಬಂದಳು. ಕಿಟಕಿ ಪಕ್ಕ ಬಂದು ಕೂತಿದ್ದ ಕೊಬ್ಬರಿ ವ್ಯಾಪಾರಿ ಈರಬಸಪ್ಪ ಎಂಬವರು ತೊಡೆಯ ಮೇಲೆ ತಾಳ ಹಾಕತೊಡಗಿದರು. ಒಳ್ಳೆಯ ತಾಳ. ಎಲ್ಲಿ ನಿಲ್ಲಬೇಕೋ ಅಲ್ಲಿ ಅವರ ಬೆರಳು ನಿಲ್ಲುತ್ತಿತ್ತು. ಇಂಥವರಿಗೆ ಹೇಳಬಹುದು ಎನ್ನಿಸಿತು. ಇವರು ಯಾರೋ, ತಾನು ಯಾರೋ. ಹೊಸದುರ್ಗದಲ್ಲಿ ಇಳಿದು ಹೋಗುವವರು. ಒಬ್ಬರೇ ಒಬ್ಬರಿಗೆ ಗೊತ್ತಿದ್ದರೆ ಸಾಕು, ಮಾವನ ಮುಂದೆ ನಿಲ್ಲಲು ಒಂದಿಷ್ಟು ಧೈರ್ಯ ಬಂದೀತು. ಗಂಟಲು ಸರಿಮಾಡಿಕೊಂಡು, "ಇದು ನಂದೇ ದನಿ," ಎಂದ.

"ಯಾವ್ದು?"

"ಈ ಹಾಡು."

ಈರಬಸಪ್ಪ ಅವನ ಮೀಸೆಯನ್ನೊಮ್ಮೆ, ಟೇಪನ್ನೊಮ್ಮೆ ನೋಡಿದರು. "ಹುಡುಗಿ ದನಿ ಅಲ್ವೇನ್ರಿ ಅದು?"

"ಹುಡುಗಿ ಅಲ್ರಿ, ಓಡಿಸವ್ರೆ."

"ಓಡಿಸವ್ರಾ?" ಈರಬಸಪ್ಪನವರ ಕೈ ತೊಡೆಯ ಮೇಲೆ ನಿಂತುಹೋಯಿತು. "ಯಾವಾಗ?"

"ದುರ್ಗದಾಗೆ. ಸ್ಟುಡಿಯೋದಾಗೆ. ಎಲ್ಲರ ಎದುರಿಗೇ ಓಡಿಸಿದ್ರು."

"ಎಲ್ಲರ ಎದುರಿಗಾ! ಯಾರೂ ಏನೂ ಅನ್ಲಿಲ್ವಾ?"

"ನಕ್ಕರು," ಎಂದ ಚಿತ್ತಪ್ಪ, ಆ ನಗು ನೆನಪಾಗಿ.

ಈರಬಸಪ್ಪ ಮುಂದಿನ ಸೀಟಿನವರ ಹೆಗಲು ಮುಟ್ಟಿ, ಈ ಹಾಡು ಹೇಳಿದ ಕೂಸನ್ನ ಯಾರೋ ಓಡಿಸಿಕೊಂಡು ಹೋದರಂತೆ ಎಂದರು. ಅವರು ಇನ್ನೊಬ್ಬರಿಗೆ ಹೇಳಿದರು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿ, "ಪರಮೇಶ್ ಅಂತ ಬಾರ್ಸೋನು ಒಬ್ಬವ್ನೆ, ಅವ್ನೇ ಇರ್ಬೇಕು," ಎಂದ. ಡ್ರೈವರು ಟೇಪಿನ ಸದ್ದು ತಗ್ಗಿಸಿದ. ಬಸ್ಸಿಗೆ ಬಸ್ಸೇ ಚಿತ್ತಪ್ಪನ ಕಡೆ ತಿರುಗಿ ಕನಿಕರದಿಂದ ನೋಡಿತು. ಅವನು ಎದ್ದು ನಿಂತು, ಓಡಿಸಿದ್ದು ಹುಡುಗಿಯನ್ನಲ್ಲ, ಟೇಪನ್ನು ಎಂದು ವಿವರಿಸಬೇಕೆಂದುಕೊಂಡ. ಮಾತು ಬಾಯಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ ಹಿಂದಿನಿಂದ ಒಬ್ಬಾಕೆ, "ನಿಮಗೇನಾಗ್ಬೇಕಣ್ಣ ಆ ಹುಡುಗಿ?" ಎಂದು ಕೇಳಿದಳು. ಆಕೆಯ ದನಿಯಲ್ಲಿ ಎಷ್ಟು ಮರುಕವಿತ್ತೆಂದರೆ ನಿಜ ಹೇಳುವುದು ಆಕೆಗೆ ಮಾಡುವ ಅವಮಾನವೆನ್ನಿಸಿತು. "ತಂಗಿ," ಎಂದುಬಿಟ್ಟ. ಆಕೆ ಕಾಗದದ ಪೊಟ್ಟಣದಿಂದ ಒಂದು ಹಿಡಿ ಪುರಿ ತೆಗೆದು ಅವನ ಕೈಗೆ ಹಾಕಿದಳು. ಹೊಸದುರ್ಗದವರೆಗೂ ಅವನು ಅದನ್ನು ತಿನ್ನುತ್ತ, ಇಲ್ಲದ ತಂಗಿಯ ದುಃಖವನ್ನು ಮುಖದ ಮೇಲೆ ಹಿಡಿದು ಕೂತ. ಸ್ವಲ್ಪ ಹೊತ್ತಿನ ಮೇಲೆ ಅವನಿಗೆ ನಿಜವಾಗಿಯೂ ದುಃಖವಾಗತೊಡಗಿತು.

ಬಾಗೂರಿನಲ್ಲಿ ಮಾವನ ಮನೆ ಮುಂದೆ ಬೇವಿನ ನೆರಳಿಗೆ ಮಂಚ. ಮಂಚದ ಮೇಲೆ ರಂಗಪ್ಪ, ಪಕ್ಕದಲ್ಲಿ ಯಾರಿಂದಲೋ ಎರವಲು ತಂದ ಟೇಪ್ ರೆಕಾರ್ಡರ್. ಅದನ್ನು ಕಂಡದ್ದೇ ಚಿತ್ತಪ್ಪ ಅಂಗಳದಂಚಿನಲ್ಲೇ ಚಪ್ಪಲಿ ಬಿಟ್ಟು ನಿಂತ. ಅತ್ತೆ ಉಚ್ಚಂಗಮ್ಮ ಹೊಸಿಲೊಳಗೆ ಮೊರ ಇಟ್ಟುಕೊಂಡು ಕಡಲೆಕಾಯಿ ಸುಲಿಯುತ್ತಿದ್ದವಳು, ನೀರಿನ ಚೆಂಬು ತಂದಿಟ್ಟು ಮತ್ತೆ ಒಳಗೆ ಹೋಗಿ ಕೂತಳು. ದಾರಿಯುದ್ದಕ್ಕೂ ಅವನು ಉತ್ತರ ಜೋಡಿಸಿಕೊಂಡು ಬಂದಿದ್ದ: ತಪ್ಪಾಯ್ತು ಮಾವ, ಕಾಲು ಹಿಡ್ಕೊಂತೀನಿ, ಪರಮೇಶ ತಲೆ ಕೆಡಿಸಿದ.

"ಕುಂತ್ಕಳೋ," ಎಂದ ರಂಗಪ್ಪ. "ಈ ಹುಡುಗಿ ಯಾರು?"

ಜೋಡಿಸಿಕೊಂಡ ಉತ್ತರಗಳಲ್ಲಿ ಒಂದೂ ಈ ಪ್ರಶ್ನೆಗೆ ಕೂರಲಿಲ್ಲ. "ಯಾವ ಹುಡುಗಿ?"

ರಂಗಪ್ಪ ಟೇಪಿನ ಗುಂಡಿ ಒತ್ತಿ ಒಂದು ಸಾಲು ಕೇಳಿಸಿ ನಿಲ್ಲಿಸಿದ. "ಮಾತು ಹೊಲಸು, ಬಿಡು. ಯಾವನೋ ಬರ್ಕೊಟ್ಟಿರ್ತಾನೆ, ಕೂಸಿಗೇನು ಗೊತ್ತು? ಧಾಟಿ ಕೇಳು. ನಮ್ಮದೇ ಪದ. ನಾವು ಹೆಣ್ಣುಮಕ್ಕಳಿಗೆ ಯಾವತ್ತೂ ಹೇಳಿಕೊಟ್ಟೋರಲ್ಲ. ಎಲ್ಲೋ ಮರೆಗೆ ನಿಂತು ಕೇಳಿ ಕಲ್ತವ್ಳೆ. ಕದ್ದು ಕಲ್ತೋಳಿಗೆ ಇಷ್ಟು ಬಂದೈತೆ ಅಂದ್ರೆ, ಎದುರಿಗೆ ಕುಂಡ್ರಿಸಿ ಕಲಿಸಿದ್ರೆ ಎಷ್ಟು ಬರ್ಬೇಕು? ನಲವತ್ತು ವರ್ಷದಾಗೆ ನಿಮ್ಮಂಥೋರು ಎಷ್ಟು ಜನ ಬಂದ್ರಿ. ಒಬ್ಬನಿಗಾದ್ರೂ ಇಂಥ ದನಿ ಇತ್ತಾ?"

ಚಿತ್ತಪ್ಪ ಮಂಚದ ಹತ್ತಿರಕ್ಕೆ ಸರಿದ. ಮಾವ ಮೊದಲ ಸಲ ತನ್ನನ್ನು ಹೊಗಳುತ್ತಿದ್ದಾನೆ, ತನ್ನನ್ನು ಬೈಯುತ್ತಲೇ ಹೊಗಳುತ್ತಿದ್ದಾನೆ. ತಡೆಯಲಾಗಲಿಲ್ಲ. "ಮಾವ, ಅದು ನಾನೇ," ಎಂದ. ರಂಗಪ್ಪನಿಗೆ ಅರ್ಥವಾಗಲಿಲ್ಲ. ಸ್ಟುಡಿಯೋದಲ್ಲಿ ಗುಂಡಿ ತಿರುಗಿಸಿದ ಕಥೆಯನ್ನು ಚಿತ್ತಪ್ಪ ಹೇಳಿದ. ಈ ಸಲ 'ಓಡಿಸಿದರು' ಎಂಬ ಮಾತನ್ನು ಜಾಗ್ರತೆಯಿಂದ ಬಿಟ್ಟು, ಜೋರಾಗಿ ತಿರುಗಿಸಿದರು ಎಂದ. ರಂಗಪ್ಪ, "ಹಂಗಾದ್ರೆ ಹಾಡು. ಹಂಗೇ ಹಾಡು," ಎಂದ. ಚಿತ್ತಪ್ಪ ಕಣ್ಣು ಮುಚ್ಚಿ, ಕುತ್ತಿಗೆ ಮೇಲಕ್ಕೆತ್ತಿ, ಇದ್ದ ಉಸಿರನ್ನೆಲ್ಲ ಮೂಗಿನ ತುದಿಗೆ ತಂದು, ಕಿಟಕಿ ಪಕ್ಕ ಕುಂತೋಳನ್ನು ಹುಡುಗಿಯ ದನಿಯಲ್ಲಿ ಕರೆದ. ಪಕ್ಕದ ಮನೆಯ ನಾಗಕ್ಕ ಗೋಡೆಯ ಮೇಲಿಂದ ಇಣುಕಿ, ಆಡೇನಾದರೂ ಬಾವಿಗೆ ಬಿತ್ತಾ ಎಂದು ವಿಚಾರಿಸಿದಳು. ರಂಗಪ್ಪ ಕೆಮ್ಮು ಬರುವಷ್ಟು ನಕ್ಕ. ಆಮೇಲೆ ಕಣ್ಣು ಒರೆಸಿಕೊಂಡು, ನೊಂದವನಂತೆ, "ಆ ಕೂಸಿನ ಹೆಸರು ನೀನ್ಯಾಕಪ್ಪ ಹೊತ್ಕೊಂತೀಯ? ಹೊಟ್ಟೆಕಿಚ್ಚು ಒಳ್ಳೇದಲ್ಲ ಕಣೋ," ಎಂದ.

"ಅತ್ತೆ, ನೀನಾದ್ರೂ ಹೇಳು."

ಉಚ್ಚಂಗಮ್ಮ ಮೊರದಿಂದ ತಲೆ ಎತ್ತಲಿಲ್ಲ. "ನಂಗೇನಪ್ಪ ಗೊತ್ತು, ನಾನು ಒಳಗಿರೋಳು."

ರಂಗಪ್ಪ ಕರೆಸಿದ ಕಾರಣ ಆಮೇಲೆ ತಿಳಿಯಿತು. ಪದಕ್ಕೆ ಒಂದು ಕೊನೆಯ ಭಾಗವಿದೆ. ಮಂಜು ಇಳಿದ ಗುಡ್ಡದ ಮೇಲೆ ನಿಂತು ಕುರುಬ ಒಂದೊಂದೇ ಕುರಿಯನ್ನು ಹೆಸರು ಹಿಡಿದು ಕರೆಯುತ್ತಾನೆ. ಒಂದು ಹೆಸರು ಕರೆದ ಮೇಲೆ ಆ ಕುರಿ ಎಲ್ಲೋ ತಲೆ ಎತ್ತುವಷ್ಟು ಹೊತ್ತು ಹಾಡುವವನು ಸುಮ್ಮನಿರಬೇಕು. ರಂಗಪ್ಪ ಅದನ್ನು ಯಾರಿಗೂ ಕಲಿಸಿರಲಿಲ್ಲ. ಕಲಿಯಲು ಬಂದವರಲ್ಲಿ ಕಾಯುವವರು ಸಿಕ್ಕಿರಲಿಲ್ಲ. "ನಂಗೂ ಎಪ್ಪತ್ತಾಯ್ತು. ಆ ಹುಡುಗೀನ ಕರ್ಕೊಂಬಾ ಅನ್ನಾಣ ಅಂದ್ರೆ, ವಯಸ್ಸಿಗೆ ಬಂದ ಕೂಸು, ಅವರಪ್ಪ ಕಳಿಸ್ತಾನೋ ಇಲ್ಲೋ. ನೀನು ಕಲ್ತು ಅವಳಿಗೆ ಮುಟ್ಸು. ನೀನು ಬರೇ ತಗೊಂಡು ಹೋಗೋನು ಅಷ್ಟೇ. ನಿನ್ನದು ಅಂತ ಒಂದು ಎಳೆ ಸೇರಿಸಬ್ಯಾಡ."

ಆ ಮಧ್ಯಾಹ್ನವೆಲ್ಲ ಚಿತ್ತಪ್ಪ ತನ್ನದೇ ಹೆಸರಿನ ಹುಡುಗಿಗಾಗಿ ಮಾವನ ಎದುರು ಕೂತು ಕಲಿತ. ಬಿಳಿಗಾಲಿ ಎಂದು ಕರೆದು ಮಾವ ನಿಲ್ಲುತ್ತಿದ್ದ. ಬೇವಿನ ಎಲೆ ಅಲುಗುವುದು, ದೂರದ ಬೋರ್‌ವೆಲ್ಲಿನ ಸದ್ದು, ಹೊಸಿಲೊಳಗೆ ಕಡಲೆಕಾಯಿ ಸಿಪ್ಪೆ ಒಡೆಯುವುದು ಕೇಳುತ್ತಿತ್ತು. ಆಮೇಲೆ ಕೆಂಗಣ್ಣಿ. ಮೊದಮೊದಲು ಚಿತ್ತಪ್ಪನ ನಾಲಿಗೆ ಮುಂದಿನ ಹೆಸರಿಗೆ ನುಗ್ಗುತ್ತಿತ್ತು. ಆಮೇಲೆ, ಚೆನ್ನಾಗಿ ಹಾಡಿದರೂ ಹೊಗಳಿಕೆ ತನಗಲ್ಲ, ಕೆಟ್ಟರೂ ಬೈಗುಳ ತನಗಲ್ಲ ಎಂಬುದು ಮೈಗೆ ಇಳಿದಂತೆ ಭುಜ ಸಡಿಲವಾಯಿತು. ಕೆಂಗಣ್ಣಿ ಎಂದು ಕರೆದು ಸುಮ್ಮನಾದ. ಸುಮ್ಮನಿರುವುದು ಅಷ್ಟೇನೂ ಕಷ್ಟವಾಗಲಿಲ್ಲ. ರಂಗಪ್ಪ ಕಂಬಳಿ ಸರಿಮಾಡಿಕೊಳ್ಳಲಿಲ್ಲ, ಏಳಲಿಲ್ಲ. "ಹ್ಞಾಂ, ಹಿಂಗೇ ಹೇಳು ಅವಳಿಗೆ," ಎಂದ.

ಹೊರಡುವಾಗ ಉಚ್ಚಂಗಮ್ಮ ಬೀದಿ ತಿರುವಿನವರೆಗೆ ಬಂದು ಕಡಲೆಬೀಜದ ಗಂಟು ಕೊಟ್ಟಳು. "ಆ ಹುಡುಗಿಗೆ ಹೇಳಪ್ಪ, ಗಿಳಿ ಓಡ್ಸೋ ಕೆಲಸ ಬ್ಯಾರೆ ಯಾರಿಗಾದ್ರೂ ಕೊಡ್ಸು ಅಂತ. ಗಂಟಲು ಒಡಕಾಗೈತೆ." ಚಿತ್ತಪ್ಪ ತಿರುಗಿ ನೋಡುವಷ್ಟರಲ್ಲಿ ಅವಳು ಮನೆಯ ಕಡೆ ಅರ್ಧ ದಾರಿ ಹೋಗಿದ್ದಳು.

ಅವನು ಒಳ್ಳೆಯವನಾಗಿ ಊರಿಗೆ ಮರಳಿದ ಎಂದು ಹೇಳುವಂತಿಲ್ಲ. ಆ ಸೋಮವಾರವೇ ಪ್ರಸನ್ನಕುಮಾರ್ ಅಂಗಡಿಗೆ ಕರೆಸಿ, ಎರಡನೇ ಕ್ಯಾಸೆಟ್ಟಿಗೆ ಏನೈತೆ ಎಂದು ಕೇಳಿದ. ಚಿತ್ತಪ್ಪ ಇಲ್ಲ ಎನ್ನಬೇಕೆಂದು ಮೆಟ್ಟಿಲು ಹತ್ತಿದ್ದ. ಆದರೆ ಈ ಸಲ ಹೆಸರು ಸರಿಯಾಗಿ ಹಾಕುತ್ತೇನೆ, ಫೋಟೊನೂ ನಿಂದೇ ಎಂದು ಪ್ರಸನ್ನಕುಮಾರ್ ಅಂದ ಕೂಡಲೇ, ಕ್ಯಾಸೆಟ್ಟುಗಳ ನಡುವೆ ಸ್ಟೂಲಿನ ಮೇಲೆ ಕೂತು ಬಿಳಿಗಾಲಿಯನ್ನು ಕರೆದೇಬಿಟ್ಟ. ಕರೆದು, ಕಲಿತ ಹಾಗೆ ಸುಮ್ಮನಾದ. ಪ್ರಸನ್ನಕುಮಾರ್ ಸ್ವಲ್ಪ ಹೊತ್ತು ಕಾದ. "ಮುಂದೆ?" ಎಂದ. ಚಿತ್ತಪ್ಪ ಕೈಯೆತ್ತಿ ತಾಳು ಎಂದು ಸನ್ನೆ ಮಾಡಿ, ಆಮೇಲೆ ಕೆಂಗಣ್ಣಿಯನ್ನು ಕರೆದ. "ನಡುವೆ ಹಿಂಗೆ ನಿಂತ್ರೆ ಜನ ಟೇಪ್ ಕೆಟ್ಟೈತೆ ಅಂತ ವಾಪಸ್ ತರ್ತಾರೆ ಮಾರಾಯ," ಎಂದ ಪ್ರಸನ್ನಕುಮಾರ್. "ಇದು ಆಗಲ್ಲ ಬಿಡು." ಮೆಟ್ಟಿಲಿಳಿಯುವಾಗ ಚಿತ್ತಪ್ಪನಿಗೆ ಮುಖಕ್ಕೆ ಹೊಡೆಸಿಕೊಂಡ ಹಾಗೂ ಆಗಿತ್ತು, ಬಾವಿಯ ಅಂಚಿನಲ್ಲಿ ಯಾರೋ ಹಿಂದಿನಿಂದ ಅಂಗಿ ಹಿಡಿದು ಎಳೆದುಕೊಂಡ ಹಾಗೂ ಆಗಿತ್ತು. ಕದಿಯಲು ಹೋದವನಿಗೆ, ಈ ಮಾಲು ಬೇಡ ಎಂದು ಹೇಳಿ ಕಳಿಸಿದ್ದರು.

ಎರಡನೇ ಕ್ಯಾಸೆಟ್ಟಿಗೆ ದಾವಣಗೆರೆಯಿಂದ ನಿಜವಾದ ಹುಡುಗಿಯನ್ನೇ ಕರೆತಂದರು. ಹೆಸರು ಮಾತ್ರ ಕುಮಾರಿ ಚಿತ್ತಶ್ರೀ ಎಂದೇ ಉಳಿಯಿತು. ಪರಮೇಶನ ಪ್ಯಾಡಿನಲ್ಲಿ ಈಗ ನಾಯಿ ಬೊಗಳುವ ಸದ್ದೂ ಬರುತ್ತಿತ್ತು. ಸುಗ್ಗಿ ಮುಗಿದ ಮೇಲೆ ಚಿತ್ತಪ್ಪ ರೋಜಾಳನ್ನು ಕರೆದುಕೊಂಡು ಬಾಗೂರಿಗೆ ಹೋದಾಗ ಮಾವ ಹೊಸ ಕ್ಯಾಸೆಟ್ಟನ್ನು ಕೇಳಿ ಮುಗಿಸಿ ಮಂಕಾಗಿ ಕೂತಿದ್ದ.

"ಆ ಕೂಸಿನ ದನಿ ಕೆಟ್ಟೋಯ್ತಲ್ಲೋ. ನೀನು ಮುಟ್ಟಿಸ್ಲಿಲ್ವಾ?"

"ಮುಟ್ಟಿಸ್ದೆ ಮಾವ. ಅವಳಿಗೆ ಕೂರ್ಲಿಲ್ಲ."

ರಂಗಪ್ಪ ತಲೆಯಾಡಿಸಿದ. ಸಾವಿನ ಸುದ್ದಿ ಕೇಳಿದವನಂತೆ ಮಂಚದ ಮೇಲೆ ಒರಗಿಕೊಂಡ. "ಹೋಗ್ಲಿ ಬಿಡು. ನೀನೇ ಹಾಡು."

ರೋಜಾ ನಾಗಕ್ಕನ ಮನೆಗೆ ಹೋಗಿದ್ದಳು. ಬೀದಿಯಲ್ಲಿ ಯಾರೂ ಇರಲಿಲ್ಲ. ಚಿತ್ತಪ್ಪ ಫಾರಂನ ಗಿಳಿಗಳು ಒಡಕು ಮಾಡಿದ ತನ್ನ ಗಂಟಲಿನಲ್ಲೇ ಶುರು ಮಾಡಿದ. ಬಿಳಿಗಾಲಿಯನ್ನು ಕರೆದ, ಕಾದ. ಕೆಂಗಣ್ಣಿಯನ್ನು ಕರೆದ, ಕಾದ. ಆರನೆಯ ಕುರಿಯ ಹೊತ್ತಿಗೆ ಮಾವನ ಗೊರಕೆ ಸಣ್ಣಗೆ ಶುರುವಾಗಿತ್ತು. ನಿಲ್ಲಿಸಬಹುದಿತ್ತು, ಕೇಳುವವರಿರಲಿಲ್ಲ; ಅದು ಹೊಳೆದದ್ದೂ ಇನ್ನೆರಡು ಕುರಿ ಕರೆದಾದ ಮೇಲೆ. ಕೊನೆಯದೊಂದು ಉಳಿದಿತ್ತು. ಬಾಯಿ ತೆರೆದರೆ ಹೆಸರೇ ಇಲ್ಲ. ಮೋ ಎಂದೋ ಮು ಎಂದೋ ಶುರುವಾಗುವ ಹೆಸರು. ಎಲ್ಲಿ ಬಿದ್ದುಹೋಯಿತೋ ಎಂದು ಅವನು ಅಂಗಳದ ಬಿಸಿಲನ್ನು ನೋಡುತ್ತ ತಡವರಿಸಿದ.

"ಮೋಟುಗಿವೀ..." ಎಂದು ಹೊಸಿಲೊಳಗಿಂದ ಬಂತು.

ತಗ್ಗಿನ ದನಿ, ಅವಸರವಿಲ್ಲದ್ದು. ಮೊದಲು ಎಳೆಯಬೇಕಾದಷ್ಟೇ ಎಳೆದು, ಎಲ್ಲಿ ಇಳಿಸಬೇಕೋ ಅಲ್ಲಿ ಇಳಿಸಿ, ಆಮೇಲೆ ಕುರಿ ತಲೆ ಎತ್ತುವಷ್ಟು ಹೊತ್ತು ಸುಮ್ಮನಾಯಿತು. ಚಿತ್ತಪ್ಪ ತಿರುಗಿ ನೋಡಿದ. ಉಚ್ಚಂಗಮ್ಮ ಮಡಿಲಿನಲ್ಲಿ ಮೊರ ಇಟ್ಟುಕೊಂಡು ಬೀಜದಿಂದ ಸಿಪ್ಪೆ ಬೇರೆ ಮಾಡುತ್ತಿದ್ದಳು.

ಮಂಚದ ಮೇಲೆ ರಂಗಪ್ಪ ಕಣ್ಣು ತೆರೆಯದೆ ಮಗ್ಗುಲಾದ. "ಬಂದ್ಳಾ ಆ ಹುಡುಗಿ?" ಎಂದು ನಿದ್ದೆಯಲ್ಲೇ ಕೇಳಿದ.

"ಬಂದ್ಳು ಮಾವ," ಎಂದ ಚಿತ್ತಪ್ಪ.